ದೈತ್ಯವೇಷದ ಒಳಗಿನ ಮನುಷ್ಯ

ಪ್ರಶ್ನೆ: ಜಪಾನಿನ ದೈತ್ಯಮೃಗಗಳ ಚಿತ್ರಗಳಲ್ಲಿ ವೇಷ ತೊಟ್ಟು ನಟಿಸಿದವರನ್ನೂ ಅವುಗಳ ವಿಶೇಷ ಪರಿಣಾಮಗಳನ್ನು ರೂಪಿಸಿದ ಕಲಾವಿದರನ್ನೂ ಕುರಿತು ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇವೆ. ನಮ್ಮ ಹಣ ಒಂದೇ ಪ್ರಯಾಣಕ್ಕೆ ಸಾಲುತ್ತದೆ. ಹಳೆಯ ದೃಶ್ಯಗಳ ಹಕ್ಕನ್ನು ಮೊದಲು ಪಡೆಯಬೇಕೇ, ಸಂದರ್ಶನಗಳನ್ನು ಮೊದಲು ಮುಗಿಸಬೇಕೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸಂದರ್ಶನವೇ ಮೊದಲಾಗಲಿ. 1954ರ ‘ಗೊಜಿರಾ’ (ಗಾಡ್ಜಿಲಾ) ಚಿತ್ರದಿಂದ 1972ರವರೆಗೆ ಆ ದೈತ್ಯಮೃಗದ ವೇಷ ತೊಟ್ಟ ಹರುವೊ ನಕಾಜಿಮಾ 2017ರಲ್ಲಿ ತೀರಿಕೊಂಡರು, 1984ರಿಂದ 1995ರವರೆಗೆ ಅದೇ ಪಾತ್ರ ವಹಿಸಿದ ಕೆನ್ಪಚಿರೊ ಸತ್ಸುಮಾ 2023ರಲ್ಲಿ ಅಗಲಿದರು. ಹಕ್ಕುಗಳನ್ನು ಹೊಂದಿರುವ ಸಂಸ್ಥೆಗೆ ಮುಂದಿನ ವರ್ಷವೂ ಪತ್ರ ಬರೆಯಬಹುದು, ಉಳಿದಿರುವ ಹಿರಿಯರ ವಿಷಯದಲ್ಲಿ ಹಾಗೆ ಮುಂದೂಡಲಾಗದು. ದೃಶ್ಯದ ತುಣುಕುಗಳು ಸಿಗದಿದ್ದರೂ ನಿಲ್ಲುವಂತೆ ಚಿತ್ರವನ್ನು ಯೋಜಿಸಿಕೊಳ್ಳಿ.

ಕೇಳಬೇಕಾದದ್ದು ಮುಖ್ಯವಾಗಿ ದೇಹದ ಅನುಭವವನ್ನು. ಮೊದಲ ಗೊಜಿರಾ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ನಡಿಗೆಯನ್ನು ಕಂಡುಕೊಳ್ಳಲು ನಕಾಜಿಮಾ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ಗಮನಿಸಿದರು. ವಿಶೇಷ ಪರಿಣಾಮಗಳ ನಿರ್ದೇಶಕ ಎಯ್ಜಿ ತ್ಸುಬುರಾಯಾ ಕ್ಯಾಮೆರಾವನ್ನು ಮಾಮೂಲಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸುತ್ತಿದ್ದರು. ಪುಟ್ಟ ಮಾದರಿ ಕಟ್ಟಡ ಕ್ಷಣಮಾತ್ರದಲ್ಲಿ ಕುಸಿದರೂ, ಮಾಮೂಲಿ ವೇಗದಲ್ಲಿ ತೋರಿಸಿದಾಗ ಚಿತ್ರಮಂದಿರದ ಪರದೆಯ ಮೇಲೆ ಅದು ನಿಧಾನವಾಗಿ, ಭಾರವಾಗಿ ಉರುಳಿದಂತೆ ಕಾಣುವುದು ಇದರಿಂದಲೇ. ಆದರೆ ಆ ವೇಗಕ್ಕೆ ಬೆಳಕು ಹೆಚ್ಚು ಬೇಕು, ಬೆಳಕು ಹೆಚ್ಚಾದಷ್ಟೂ ವೇಷದೊಳಗಿನ ಸೆಕೆ ಏರುತ್ತದೆ. ನೋಡುವವರಿಗೆ ಕಂಡ ಆ ಗಾಂಭೀರ್ಯಕ್ಕೆ ಒಳಗಿದ್ದವರು ಬೆವರು ಸುರಿಸಿದ್ದರೆಂಬುದನ್ನು ನಿಮ್ಮ ಚಿತ್ರ ತೋರಿಸಬೇಕೆಂಬುದು ನನ್ನ ಆಸೆ.

ಹೊರಡುವ ಮುನ್ನ ಇಲ್ಲೇ ಒಂದು ಅಭ್ಯಾಸ ಮಾಡಿ. ಬೆಂಗಳೂರಿನಲ್ಲಿ ಯಕ್ಷಗಾನದ ಆಟವಿದ್ದಾಗ, ಅನುಮತಿ ಪಡೆದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ ಕುಳಿತು, ಬಣ್ಣದ ವೇಷಧಾರಿ (ರಾಕ್ಷಸ ಪಾತ್ರಧಾರಿ) ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಳ್ಳುವುದನ್ನೂ ಕಿರೀಟ ಕಟ್ಟಿಸಿಕೊಳ್ಳುವುದನ್ನೂ ನೋಡಿ, ಆಟ ಮುಗಿದ ಮೇಲೆ ಅವರನ್ನು ಮಾತಾಡಿಸಿ. ಉಸಿರು, ದೃಷ್ಟಿ, ಕತ್ತಿನ ನೋವು ಇವುಗಳ ಬಗ್ಗೆ ಹೇಗೆ ಕೇಳಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.

ಜಪಾನಿ ಬಲ್ಲವರು ನಮ್ಮ ಊರಲ್ಲೇ ಸಿಗುತ್ತಾರೆ. ಚಿತ್ರೀಕರಣದ ಮಾತುಗಳ ಪರಿಚಯವಿರುವವರನ್ನು ಆರಿಸಿಕೊಳ್ಳಿ, ಒಪ್ಪಿಗೆ ಪತ್ರವನ್ನು ಜಪಾನಿ ಭಾಷೆಯಲ್ಲೇ ಸಿದ್ಧಪಡಿಸಿಕೊಳ್ಳಿ. ದುಭಾಷಿಯ ದನಿ ಹಿರಿಯರ ಮಾತಿನ ಮೇಲೆ ಬೀಳದಂತೆ ಬೇರೆ ಮೈಕಿನಲ್ಲಿ ದಾಖಲಿಸಿ.

ಮಾದರಿ ತಯಾರಕರಿಂದ ವಿವರಣೆ ಕೇಳುವುದಕ್ಕಿಂತ, ಒಂದು ಗೋಡೆಯನ್ನೋ ಕಿಟಕಿಯನ್ನೋ ಮಾಡಿ ತೋರಿಸುವಂತೆ ವಿನಂತಿಸಿ, ಕೈಗಳನ್ನು ಚಿತ್ರೀಕರಿಸಿ. ವೇಷಧಾರಿಗೆ ಆರೋಗ್ಯ ಅನುಕೂಲವಾಗಿದ್ದರೆ ನಾಲ್ಕು ಹೆಜ್ಜೆ ನಡೆದು ತೋರಿಸಲು ಕೇಳಿಕೊಳ್ಳಿ. ಆಗ ಕ್ಯಾಮೆರಾ ನೆಲದ ಮಟ್ಟದಲ್ಲಿರಲಿ.