ಎರಡನೇ ಸಲಕ್ಕೆ ತಾನೇ ಸರಿಹೋಗುವ ಬಿಲ್ಡ್

ಪ್ರಶ್ನೆ: ಹುಬ್ಬಳ್ಳಿಯ ಆಫೀಸಿನ 16 ಕೋರ್ ಮಷಿನ್ನಿನಲ್ಲಿ ನಮ್ಮ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಹತ್ತರಲ್ಲಿ ಎರಡು ಸಲ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಆಗುವುದಿಲ್ಲ. ವರ್ಷನ್ ಹೆಡರ್ (ಉಳಿದ ಕೋಡ್ ಫೈಲುಗಳು ಒಳಗೆ ಸೇರಿಸಿಕೊಳ್ಳುವ ಆವೃತ್ತಿ ವಿವರದ ಫೈಲು) ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಏನೂ ಬದಲಿಸದೆ, ಬಿಲ್ಡ್ ನಡೆಸುವ ಮೇಕ್ ಕಮಾಂಡನ್ನು ಮತ್ತೆ ಕೊಟ್ಟರೆ ಆಗುತ್ತದೆ. ಆ ಹೆಡರನ್ನು ಬಿಲ್ಡ್ ವೇಳೆಯೇ ಒಂದು ಸ್ಕ್ರಿಪ್ಟ್ ಬರೆಯುತ್ತದೆ. ಧಾರವಾಡದ ಮನೆಯಲ್ಲಿರುವ 2 ಕೋರಿನ ಹಳೆ ಲ್ಯಾಪ್‌ಟಾಪ್ ಮಾತ್ರ ಒಮ್ಮೆಯೂ ಕೈಕೊಟ್ಟಿಲ್ಲ. ಎಲ್ಲಿ ಹುಡುಕಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡನೇ ಸಲಕ್ಕೆ ಆಗುತ್ತದೆ ಎಂದು ಬರೆದಿರಲ್ಲ, ಸುಳಿವು ಅಲ್ಲೇ ಇದೆ. ಒಟ್ಟಿಗೆ ನಡೆಯುವ ಕೆಲಸಗಳಲ್ಲಿ, ಅಂದರೆ ಜಾಬುಗಳಲ್ಲಿ, ಒಂದು ಕೆಟ್ಟರೂ ಉಳಿದ ಜಾಬುಗಳು ಮುಗಿಯುವ ತನಕ ಮೇಕ್ ಕಾಯುತ್ತದೆ. ಅಷ್ಟರಲ್ಲಿ ಸ್ಕ್ರಿಪ್ಟ್ ಹೆಡರನ್ನು ಬರೆದಿಟ್ಟಿರುತ್ತದೆ, ಮುಂದಿನ ಸಲ ಫೈಲು ಸಿದ್ಧ. ಅಂದರೆ ಈ ಹೆಡರ್ ಮೊದಲು ಬೇಕೆಂದು ನಿಮ್ಮ ಮೇಕ್‌ಫೈಲ್ (ಯಾವುದಕ್ಕೆ ಯಾವುದು ಬೇಕೆಂದು ಮೇಕ್‌ಗೆ ತಿಳಿಸುವ ಫೈಲು) ಎಲ್ಲೂ ಹೇಳಿಲ್ಲ. ಎರಡೇ ಜಾಬ್ ಇದ್ದಾಗ, ಪಟ್ಟಿಯಲ್ಲಿ ಮುಂದಿರುವ ಸ್ಕ್ರಿಪ್ಟ್ ಹೇಗೋ ಮೊದಲೇ ಮುಗಿಯುತ್ತದೆ. 16 ಒಟ್ಟಿಗೆ ಎದ್ದರೆ ಹಿಟ್ಟು ನಾದುವ ಮೊದಲೇ ರೊಟ್ಟಿ ಬಡಿಯಲು ಕೂತ ಹಾಗೆ.

ಮೊದಲು ಎರರ್ ಪ್ರತಿ ಸಲವೂ ಬರುವಂತೆ ಮಾಡಿಕೊಳ್ಳಿ. ಹಿಂದಿನ ಬಿಲ್ಡಿನ ಫೈಲುಗಳನ್ನು ತೆಗೆಯುವ ಮೇಕ್ ಕ್ಲೀನ್ ಆ ಹೆಡರನ್ನೂ ಅಳಿಸುತ್ತದೆಯೇ ನೋಡಿ. ಅಳಿಸದಿದ್ದರೆ ಎಷ್ಟು ಸಲ ಓಡಿಸಿದರೂ ವ್ಯರ್ಥ. ಬಳಿಕ ಸ್ಕ್ರಿಪ್ಟಿನ ಆರಂಭದಲ್ಲಿ ‘ಸ್ಲೀಪ್ 5’ (5 ಸೆಕೆಂಡು ಕಾಯು) ಸೇರಿಸಿ 16 ಜಾಬಿನಲ್ಲಿ ಓಡಿಸಿ. ಗ್ನೂ ಮೇಕ್ 4.4 ಅಥವಾ ಅದರ ಮುಂದಿನದ್ದಿದ್ದರೆ ಇನ್ನೂ ಸಲೀಸು: ಕೆಲಸಗಳ ಕ್ರಮ ಬದಲಿಸುವ ಶಫಲ್ ಆಯ್ಕೆಗೆ ‘ರಿವರ್ಸ್’ ಎಂದು ಕೊಟ್ಟು ಒಂದೇ ಜಾಬಿನಲ್ಲಿ ಓಡಿಸಿ. ಕ್ರಮ ತಿರುವುಮುರುವಾಗಿ ಧಾರವಾಡದ ಲ್ಯಾಪ್‌ಟಾಪಿನಲ್ಲೂ ಅದೇ ಎರರ್ ಬೀಳಬೇಕು.

ರಿಪೇರಿ ಒಂದು ಸಾಲಿನದು. ಮೇಕ್‌ಫೈಲಿನಲ್ಲಿ ಆಬ್ಜೆಕ್ಟ್ ಫೈಲುಗಳ (ಕಂಪೈಲ್ ಆಗಿ ಬರುವ ಫೈಲುಗಳು) ರೂಲಿನಲ್ಲಿ ಡಿಪೆಂಡೆನ್ಸಿಗಳ (ಮೊದಲು ಬೇಕಾದ ಫೈಲುಗಳು) ಕೊನೆಗೆ ಪೈಪ್ ಗೆರೆ (|) ಹಾಕಿ ಹೆಡರಿನ ಹೆಸರು ಬರೆಯಿರಿ. ಪೈಪಿನ ಬಲಕ್ಕಿರುವುದು ಮೊದಲು ತಯಾರಾಗುತ್ತದೆ, ಆದರೆ ಅದು ಹೊಸದಾಯಿತೆಂದು ಎಲ್ಲ ಫೈಲೂ ಮತ್ತೆ ಕಂಪೈಲ್ ಆಗುವುದಿಲ್ಲ. ಕಂಪೈಲರ್ ತಾನೇ ಬರೆದುಕೊಡುವ ಡಿಪೆಂಡೆನ್ಸಿ ಫೈಲುಗಳು ಸಾಲವೇ ಎಂದು ಕೇಳಬಹುದು. ಅವು ಹುಟ್ಟುವುದೇ ಮೊದಲ ಕಂಪೈಲ್ ಆದ ಮೇಲೆ. ಕ್ಲೀನ್ ಬಿಲ್ಡಿಗೆ ಒದಗುವುದಿಲ್ಲ.

ಜೊತೆಗೆ, ಸ್ಕ್ರಿಪ್ಟ್ ಹೆಡರನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು ಕೊನೆಗೆ ಹೆಸರು ಬದಲಿಸಲಿ. ನಡುವೆ ನಿಂತರೂ ಅರ್ಧ ಬರೆದ ಹೆಡರ್ ಉಳಿಯುವುದಿಲ್ಲ. ಕೆಟ್ಟರೆ ಮತ್ತೆ ಓಡಿಸು ಎಂಬ ಲೂಪ್ ಮಾತ್ರ ದಯವಿಟ್ಟು ಹಾಕಬೇಡಿ, ರೋಗ ಒಳಗೇ ಉಳಿಯುತ್ತದೆ.

ಎರರ್ ಒಮ್ಮೊಮ್ಮೆ ಒಂದೊಂದು ಫೈಲಿನಲ್ಲಿ ಬಂದು, ಲಾಗಿನಲ್ಲಿ ‘ಕಿಲ್ಡ್’ ಎಂದು ಕಂಡರೆ ವಿಷಯ ಬೇರೆ. ಆಗ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆದಿಡುವ ಸಂದೇಶಗಳ ಪಟ್ಟಿಯಾದ ಡಿಮೆಸೇಜ್ ತೆರೆದು ಮೆಮೊರಿ ಸಾಲದೆ ಕರ್ನೆಲ್ ಕಂಪೈಲರನ್ನು ಕೊಂದಿದೆಯೇ ನೋಡಿ, ಜಾಬುಗಳನ್ನು 16ರಿಂದ 8ಕ್ಕೆ ಇಳಿಸಿ.