ತಪ್ಪು ಹೆಸರು ಓದಿದ ನಿರೂಪಕಿ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ರೇಖಾ ಅಂತ ಕರೆಯೋಣ. ವಯಸ್ಸು ಮೂವತ್ತು ದಾಟಿದೆ. ಉತ್ತರ ಕರ್ನಾಟಕದ ಒಂದು ದೊಡ್ಡ ಊರು. ಆರತಕ್ಷತೆ, ಕಾಲೇಜು ಗ್ಯಾದರಿಂಗು, ರಾಜ್ಯೋತ್ಸವ, ಎಲ್ಲಿ ವೇದಿಕೆ ಇದ್ದರೂ ನಿರೂಪಣೆಗೆ ಇವರನ್ನೇ ಕರೆಯುತ್ತಿದ್ದರು. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದದ್ದು ಅವರ ನಾದಿನಿ.

ನಡೆದದ್ದು ಇಷ್ಟು. ಒಂದು ಸೌಂದರ್ಯ ಸ್ಪರ್ಧೆ, ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ನೇರ ಪ್ರಸಾರ. ಕೊನೆಗೆ ಎರಡನೇ ಸ್ಥಾನದ ಹುಡುಗಿಯ ಹೆಸರನ್ನೇ ಗೆದ್ದವಳ ಹೆಸರು ಅಂತ ರೇಖಾ ಓದಿಬಿಟ್ಟರು. ಕಿರೀಟ ಇಟ್ಟಾಯಿತು. ಹುಡುಗಿಯ ಅಪ್ಪ ಅಮ್ಮ ವೇದಿಕೆ ಹತ್ತಿ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಆಯೋಜಕರು ಓಡಿ ಬಂದರು. ಎಲ್ಲರ ಎದುರೇ ಕಿರೀಟ ತೆಗೆದು ಇನ್ನೊಬ್ಬಳಿಗೆ ಇಡಬೇಕಾಯಿತು. ಮರುದಿನ ಆ ತುಣುಕು ಊರಿನ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿತ್ತು, ಮೇಲೆ 'ನಮ್ಮೂರ ಸ್ಟೀವ್ ಹಾರ್ವೆ' ಅನ್ನೋ ಬರಹದ ಜೊತೆ. ಹಾರ್ವೆ ಅಂದರೆ ಮಿಸ್ ಯೂನಿವರ್ಸ್ ವೇದಿಕೆಯಲ್ಲಿ ಇದೇ ತಪ್ಪು ಮಾಡಿದ ಅಮೆರಿಕದ ಟಿವಿ ನಿರೂಪಕ.

"ಮೈಕ್ ಹಿಡಿದ್ರ ಸಾಕ್ರಿ ಮೇಡಂ, ಗಂಟಲಾ ಒಣಗತೈತಿ, ಕೈ ನಡಗ್ತಾವ" ಅಂದರು. ನಿದ್ದೆ ಇಲ್ಲ. ರಾತ್ರಿ ಎದ್ದು ಅದೇ ವಿಡಿಯೋ ನೋಡುವುದು, ಕೆಳಗಿನ ಕಾಮೆಂಟು ಓದುವುದು. ರಾಜ್ಯೋತ್ಸವದ ಕಾರ್ಯಕ್ರಮಗಳನ್ನೆಲ್ಲ ಬೇಡ ಅಂದಿದ್ದರು. ಗಂಡ "ಬಿಡು, ಜನ ಮರೀತಾರ" ಅನ್ನುತ್ತಿದ್ದರಂತೆ. ಒಳ್ಳೆ ಮನಸ್ಸಿನ ಮಾತೇ. ಆದರೆ ಜನ ಮರೆತರೂ ಇವರು ಮರೆಯಬೇಕಲ್ಲ.

ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತಿದ್ದದ್ದು ಬೇರೆ. 2015ರಲ್ಲಿ ಹಾರ್ವೆಯ ಮೀಮ್ ಬಂದಾಗ ಇವರೂ ಬಿದ್ದು ಬಿದ್ದು ನಕ್ಕು ಹತ್ತು ಜನಕ್ಕೆ ಕಳಿಸಿದ್ದರು. "ಅದರ ಶಾಪಾನ ಇರಬೇಕ್ರಿ" ಅಂದರು. ಶಾಪದ ಮಾತಿಗೆ ನಾನು ವಾದ ಮಾಡಲಿಲ್ಲ. ಹಾರ್ವೆಯ ಕಥೆಯನ್ನು ಮೀಮ್ ಬಿಟ್ಟು ಪೂರ್ತಿ ನೋಡೋಣ ಅಂದೆ.

2015ರ ಡಿಸೆಂಬರ್ 20ರ ರಾತ್ರಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಮಿಸ್ ಯೂನಿವರ್ಸ್ ಫೈನಲ್. ಫಾಕ್ಸ್ ವಾಹಿನಿಯಲ್ಲಿ ನೇರ ಪ್ರಸಾರ. ಹಾರ್ವೆಗೆ ಈ ಸ್ಪರ್ಧೆಯ ನಿರೂಪಣೆ ಅದೇ ಮೊದಲು. ಗೆದ್ದವರು ಕೊಲಂಬಿಯಾ ಅಂತ ಘೋಷಿಸಿದರು. ಅರಿಯಾದ್ನಾ ಗುಟಿಯೆರೆಸ್ ಕಿರೀಟ ತೊಟ್ಟು ಕೈ ಬೀಸುತ್ತಿದ್ದರು. ಕೆಲವು ನಿಮಿಷ ಕಳೆದ ಮೇಲೆ ಹಾರ್ವೆ ವೇದಿಕೆಗೆ ವಾಪಸು ಬಂದು, ತಪ್ಪಾಗಿದೆ, ಕೊಲಂಬಿಯಾ ಮೊದಲ ರನ್ನರ್ ಅಪ್, ಗೆದ್ದವರು ಫಿಲಿಪ್ಪೀನ್ಸ್ ಅಂದರು. ಹೊಣೆ ನನ್ನದು ಅಂತ ಹೇಳಿ ಕಾರ್ಡನ್ನು ಕ್ಯಾಮೆರಾಗೆ ತೋರಿಸಿದರು. ಪಿಯಾ ವುರ್ಟ್ಸ್‌ಬಾಕ್ ಏನೂ ಅರ್ಥವಾಗದವರಂತೆ ಮುಂದೆ ಬಂದರು. ಅಂದು ಗೆದ್ದವರಿಗೂ ಗೆದ್ದ ಗಳಿಗೆ ಸಿಗಲಿಲ್ಲ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಆ ಕಾರ್ಡಿನ ಫೋಟೋವನ್ನು ಇಬ್ಬರೂ ದೊಡ್ಡದು ಮಾಡಿ ನೋಡಿದೆವು. ಎರಡನೇ ಮತ್ತು ಮೊದಲ ರನ್ನರ್ ಅಪ್ ಎಡಗಡೆ. ಮಿಸ್ ಯೂನಿವರ್ಸ್ ಹೆಸರು ಕೆಳಗೆ ಬಲಮೂಲೆಯಲ್ಲಿ, ಹೆಬ್ಬೆರಳು ಬರುವ ಜಾಗದಲ್ಲಿ. ಎಡದಿಂದ ಓದುತ್ತಾ ಹೋಗುವ ಕಣ್ಣು ಎಲ್ಲಿ ನಿಲ್ಲುತ್ತೆ ಹೇಳಿ. ಹಾಗಂತ ಹೆಸರು ಇರಲಿಲ್ಲ ಅಂತಲ್ಲ. ಸ್ಪಷ್ಟವಾಗೇ ಇತ್ತು.

ಆಮೇಲೆ ರೇಖಾಗೆ ಹಾಳೆ, ಪೆನ್ನು ಕೊಟ್ಟು, ಅವತ್ತು ನಿಮ್ಮ ಕೈಯಲ್ಲಿದ್ದ ಕಾರ್ಡನ್ನು ನೆನಪಿದ್ದಷ್ಟು ಬರೆಯಿರಿ ಅಂದೆ. ಮೂರು ಹೆಸರು ಒಂದರ ಕೆಳಗೊಂದು ಬರೆದರು. ಸುಮ್ನೆ ಕೂತರು. ಆಮೇಲೆ ಮೊದಲ ಎರಡು ಹೆಸರುಗಳ ಮಧ್ಯೆ ಒಂದು ಬಾಣದ ಗುರುತು ಎಳೆದರು. ಕಾರ್ಡು ಪ್ರಿಂಟ್ ಆದಮೇಲೆ ಅಂಕ ಮತ್ತೆ ಕೂಡಿಸಿ, ಯಾರೋ ಬಾಲ್‌ಪೆನ್ನಿನಲ್ಲಿ ಅದಲು ಬದಲು ಮಾಡಿದ್ದರಂತೆ. "ಆ ಗೀಟು ನಾ ನೋಡಿದ್ದೆ ರೀ. ಏನೋ ಗೀಚ್ಯಾರ ಅಂತ ಬಿಟ್ಟೆ. ಕಿವಿಯಾಗ ಬೇಗ ಬೇಗ ಅಂತಿದ್ರು, ಜಾಹೀರಾತಿಗಿ ಹೋಗಬೇಕಾಗಿತ್ತು."

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. 'ನಿಮ್ಮದೇನೂ ತಪ್ಪಿಲ್ಲ' ಅನ್ನೋ ಸಮಾಧಾನ ಇಂಥವರಿಗೆ ಹತ್ತುವುದಿಲ್ಲ. ಸುಳ್ಳು ಅಂತ ಅವರಿಗೇ ಗೊತ್ತಿರುತ್ತೆ. ಹಾಳೆಯಲ್ಲಿ ಎರಡು ಕಡೆ ಮಾಡಿಸಿದೆ. ಗೀಟು ಕಂಡೂ ಕೇಳದೆ ಓದಿದ್ದು, ಇದು ರೇಖಾರದು. ತಿದ್ದಿದ ಕಾರ್ಡನ್ನೇ ಕೊಟ್ಟದ್ದು, ಮೊದಲೇ ತೋರಿಸದೆ ಇದ್ದದ್ದು, ಕಿವಿಯಲ್ಲಿ ಅವಸರ ಮಾಡಿದ್ದು, ಇವೆಲ್ಲ ಆಯೋಜಕರದು ಮತ್ತು ಚಾನೆಲ್ಲಿನವರದು. ರೇಖಾರ ಪಾಲು ಒಂದೇ ಸಾಲಿನಷ್ಟಿತ್ತು. ಇಷ್ಟು ದಿನ ಪೂರ್ತಿ ಹಾಳೆ ಹೊತ್ತು ತಿರುಗುತ್ತಿದ್ದರು.

ಕ್ಷಮೆ ಕೇಳುವ ವಿಷಯಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹುಡುಗಿಗೆ ರೇಖಾ ಮೆಸೇಜ್ ಮೇಲೆ ಮೆಸೇಜ್ ಹಾಕಿದ್ದರು, ರಾತ್ರಿ ಹೊತ್ತು, ಅಳುತ್ತಾ. ಉತ್ತರ ಬಂದಿರಲಿಲ್ಲ. ಇಲ್ಲೂ ಹಾರ್ವೆ ಸಿಕ್ಕರು. ಅವತ್ತೇ ಗಡಿಬಿಡಿಯಲ್ಲಿ ಟ್ವಿಟರಿನಲ್ಲಿ ಕ್ಷಮೆ ಕೇಳಲು ಹೋಗಿ ಎರಡೂ ದೇಶಗಳ ಹೆಸರಿನ ಸ್ಪೆಲಿಂಗ್ ತಪ್ಪಿಸಿದ್ದರು, ಆಮೇಲೆ ಅಳಿಸಿ ಮತ್ತೆ ಹಾಕಿದರು. 2016ರ ಜನವರಿಯಲ್ಲಿ ಇಬ್ಬರನ್ನೂ ತಮ್ಮ ಟಾಕ್ ಶೋಗೆ ಕರೆಸಿ ಎದುರಿಗೇ ಕ್ಷಮೆ ಕೇಳಿದ್ದು ಕ್ಷಮೆಯ ಹಾಗಿತ್ತು. (ಅದನ್ನೂ ಟಿವಿ ಕಾರ್ಯಕ್ರಮ ಮಾಡಿದರು, ಅದು ಅವರ ಕಸುಬು.) ರೇಖಾಗೆ ನಾನು ಹೇಳಿದ್ದು: ಮೆಸೇಜ್ ನಿಲ್ಲಿಸಿ. ಹುಡುಗಿಯ ಮನೆಯವರು ಒಪ್ಪಿದರೆ ಒಂದೇ ಸಲ ಹೋಗಿ ಬನ್ನಿ. ಬಾಣದ ಗುರುತಿನ ಕಥೆ ಅಲ್ಲಿ ಬೇಡ. 'ನಾನು ತಪ್ಪು ಓದಿದೆ, ನಿನಗೆ ಎಲ್ಲರೆದುರು ಅವಮಾನ ಆಯಿತು' ಅಷ್ಟು ಸಾಕು. ಅವಳು ಸಿಟ್ಟು ಮಾಡಿದರೆ ಮಾಡಲಿ, ನಿಮ್ಮನ್ನು ಸಮಾಧಾನ ಮಾಡೋ ಕೆಲಸ ಅವಳದಲ್ಲ. ಗೆದ್ದ ಹುಡುಗಿಗೂ ಒಂದು ಮಾತು ಹೇಳಿ.

ಉಳಿದದ್ದು ಅಭ್ಯಾಸ. ರಾತ್ರಿ ಫೋನು ನಾದಿನಿಯ ಕೋಣೆಯಲ್ಲಿ. ಬೈಗುಳದ ಕಾಮೆಂಟುಗಳ ಸ್ಕ್ರೀನ್‌ಶಾಟ್ ಕೂಡ ಅವರೇ ತೆಗೆದಿಡುವುದು, ದೂರು ಕೊಡಬೇಕಾದರೆ ಬೇಕಾಗುತ್ತೆ. ಮೈಕಿಗೆ ಮೆಲ್ಲಗೆ ಮರಳುವುದು. ಮೊದಲು ಮನೆಯಲ್ಲಿ ಕಾರ್ಡು ಹಿಡಿದು ಜೋರಾಗಿ ಓದುವುದು, ಆಮೇಲೆ ಪರಿಚಯದವರ ಮನೆ ನಾಮಕರಣ, ಆಮೇಲೆ ವೇದಿಕೆ. ಎದೆ ಬಡಿತ ಏರಿದರೆ ಓಡಿಹೋಗದೆ ಅದು ಇಳಿಯುವವರೆಗೆ ಅಲ್ಲೇ ನಿಲ್ಲುವುದು. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ, ಸ್ವಲ್ಪ ದಿನ ಔಷಧಿ ನಡೆಯಿತು. ರಾತ್ರಿ ಹೊತ್ತು ತಡೆಯದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ನಂಬರ್ ಬರೆಸಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಾರ್ವೆ ಮುಂದಿನ ಸ್ಪರ್ಧೆಗೂ ನಿರೂಪಕರಾಗಿ ಬಂದರು, 2017ರ ಜನವರಿಯಲ್ಲಿ, ಅದೂ ಫಿಲಿಪ್ಪೀನ್ಸಿನಲ್ಲೇ. ಇದನ್ನು ಕೇಳಿ ರೇಖಾ "ಅವ್ರಿಗಿ ದೊಡ್ಡ ಹೆಸರೈತ್ರಿ, ನಮ್ಮನ್ನ ಯಾರ್ ಕರೀತಾರ" ಅಂದರು. ಸರಿಯಾದ ಮಾತು. ಊರಿನ ನಿರೂಪಕಿಗೆ ಅಷ್ಟು ಸಲೀಸಾಗಿ ಎರಡನೇ ಅವಕಾಶ ಸಿಗುವುದಿಲ್ಲ.

ಹುಡುಗಿ ಭೇಟಿಗೆ ಒಪ್ಪಲಿಲ್ಲ, ಅವಳ ಅಮ್ಮ ಫೋನಿನಲ್ಲಿ ಮಾತಾಡಿದರು, ಚುಟುಕಾಗಿ. ನಾಮಕರಣದ ಕಾರ್ಯಕ್ರಮ ಆಗಿದೆ, ಒಂದು ಶಾಲೆಯ ವಾರ್ಷಿಕೋತ್ಸವವೂ ಆಗಿದೆ. ಆಯೋಜಕರು ಇಟ್ಟುಕೊಂಡ ಅರ್ಧ ಸಂಭಾವನೆ ಇನ್ನೂ ಬಂದಿಲ್ಲ. ಈಗ ಯಾರಾದರೂ ಕರೆದರೆ ರೇಖಾ ರೇಟಿಗಿಂತ ಮೊದಲು ಒಂದು ಷರತ್ತು ಹೇಳುತ್ತಾರೆ: ಫಲಿತಾಂಶದ ಕಾರ್ಡಿನಲ್ಲಿ ಗೆದ್ದವರ ಹೆಸರು ಒಂದೇ ಇರಬೇಕು, ಪೆನ್ನಿನ ತಿದ್ದುಪಡಿ ಇದ್ದರೆ ಓದುವುದಿಲ್ಲ. ಇಬ್ಬರು ಆಯೋಜಕರು ಗೊಣಗಿಕೊಂಡೇ ಒಪ್ಪಿದ್ದಾರಂತೆ.