ಹೊಟ್ಟೆ ಬಂದವರಿಗೆ ಟೆಸ್ಟೋಸ್ಟೆರಾನ್ ಯಾಕೆ ಇಳಿಯುತ್ತದೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ಹೆಂಡತಿಗೆ 29, ಅವಳ ತಪಾಸಣೆಯಲ್ಲಿ ದೋಷವಿಲ್ಲ. ನನ್ನ ಎತ್ತರ 168 ಸೆಂ.ಮೀ., ತೂಕ 92 ಕೆ.ಜಿ., ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.3. ವೀರ್ಯಾಣು ಮಿಲಿಲೀಟರಿಗೆ 1.1 ಕೋಟಿ, ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 240 ನ್ಯಾನೊಗ್ರಾಂ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ಎರಡೂ ಸರಿಹೋಗುತ್ತದೆ ಎನ್ನುತ್ತಾರೆ ಜಿಮ್‌ನವರು. ತೆಗೆದುಕೊಳ್ಳಬಹುದೇ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಖಂಡಿತ ಬೇಡ. ಮಗು ಬೇಕೆನ್ನುವವರು ಮುಟ್ಟಬಾರದ ಔಷಧಿ ಅದು. ವೀರ್ಯಾಣು ತಯಾರಾಗಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇರಬೇಕು. ಹೊರಗಿನಿಂದ ಚುಚ್ಚಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ‘ಸಾಕಷ್ಟಿದೆ’ ಎಂದುಕೊಂಡು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ, ವೃಷಣವನ್ನು ದುಡಿಸುವ ಹಾರ್ಮೋನುಗಳನ್ನು ಬಿಡುವುದನ್ನು ನಿಲ್ಲಿಸುತ್ತದೆ. ರಕ್ತದ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ವೃಷಣದೊಳಗೆ ಮಾತ್ರ ಬರಗಾಲ. ವಾರಕ್ಕೆ 200 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಕೊಟ್ಟು ಅದನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಪರೀಕ್ಷಿಸಿತ್ತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ನಿಲ್ಲಿಸಿದ ಮೇಲೆ ವೀರ್ಯಾಣು ಮರಳಲು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ.

ಇನ್ನು ನಿಮ್ಮ ಟೆಸ್ಟೋಸ್ಟೆರಾನ್ 240 ಎಂದು ಕಡಿಮೆ ಬಂದಿರುವ ವಿಚಾರ. ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಲ್ಲಿ ಸುಮಾರು ಶೇ. 2 ಮಾತ್ರ ಬಿಡಿಯಾಗಿ ಓಡಾಡುತ್ತದೆ. ಉಳಿದದ್ದರಲ್ಲಿ ಒಂದಷ್ಟು ಆಲ್ಬುಮಿನ್‌ಗೆ ಸಡಿಲವಾಗಿ, ಇನ್ನೊಂದಷ್ಟು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಈ ಎಸ್‌ಎಚ್‌ಬಿಜಿ ತಯಾರಾಗುವುದು ಯಕೃತ್ತಿನಲ್ಲಿ. ಹೊಟ್ಟೆಯಲ್ಲಿ ಕೊಬ್ಬು ಸೇರಿ ಇನ್ಸುಲಿನ್ ಸದಾ ಏರಿದ್ದರೆ, ಯಕೃತ್ತಿಗೂ ಕೊಬ್ಬು ಹತ್ತಿದ್ದರೆ, ಅದರ ತಯಾರಿಕೆ ಇಳಿಯುತ್ತದೆ. ಆಗ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಾಣುತ್ತದೆ. ಬ್ಯಾಂಕಿನ ಎಫ್‌ಡಿ ಕರಗಿದ್ದರೂ ಜೇಬಿನಲ್ಲಿ ಓಡಾಡುವ ದುಡ್ಡು ಮೊದಲಿನಷ್ಟೇ ಇರಬಹುದಲ್ಲ, ಹಾಗೆ. ಆದ್ದರಿಂದ ಒಂದೇ ಸಂಖ್ಯೆ ನೋಡಿ ಔಷಧಿ ಶುರು ಮಾಡುವುದು ತಪ್ಪು.

ನಿಜವಾಗಿಯೂ ಇಳಿದಿರುವ ಸಾಧ್ಯತೆಯೂ ಇದೆ. ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಎಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಅದು ಮೆದುಳಿಗೆ ಮುಟ್ಟಿ ಎಲ್‌ಎಚ್ ತಗ್ಗುತ್ತದೆ. ಅದೇ ಕೊಬ್ಬು ಬಿಡುವ ಲೆಪ್ಟಿನ್ ಹಾರ್ಮೋನು ‘ದೇಹದಲ್ಲಿ ದಾಸ್ತಾನು ಇದೆ’ ಎಂದು ಪಿಟ್ಯುಟರಿಗೆ ಆಜ್ಞೆ ಕೊಡುವ ಮೆದುಳಿನ ಭಾಗ ಹೈಪೋಥಲಾಮಸ್‌ಗೆ ತಿಳಿಸಬೇಕು. ಬೊಜ್ಜಿನವರಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತದೆ, ಆದರೆ ಮೆದುಳು ಅದಕ್ಕೆ ಕಿವುಡಾಗಿರುತ್ತದೆ, ಹಾಗಾಗಿ ಎಲ್‌ಎಚ್ ಇನ್ನಷ್ಟು ತಗ್ಗುತ್ತದೆ.

ಪರೀಕ್ಷೆಯನ್ನು ಹೀಗೆ ಮಾಡಿಸಿ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ರಕ್ತ ಕೊಡಿ. ತಿಂಡಿ ತಿಂದು ಹೋದರೂ ಸಂಖ್ಯೆ ಇಳಿಯುತ್ತದೆ, ರಾತ್ರಿ ನಿದ್ದೆಗೆಟ್ಟಿದ್ದರೂ ಇಳಿಯುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಅದು ಹಾರ್ಮೋನಿನ ಲೆಕ್ಕವನ್ನೇ ಕೆಡಿಸುತ್ತದೆ. ಟೆಸ್ಟೋಸ್ಟೆರಾನ್ ಜೊತೆ ಎಸ್‌ಎಚ್‌ಬಿಜಿ, ಆಲ್ಬುಮಿನ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಬರೆಸಿಕೊಳ್ಳಿ. ಮೊದಲ ಮೂರರಿಂದ ಬಿಡಿ ಟೆಸ್ಟೋಸ್ಟೆರಾನ್ ಲೆಕ್ಕ ಹಾಕಬಹುದು. ಎಫ್‌ಎಸ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲೇ ಇದೆ, ತೂಕ ಇಳಿಸಿದ ಮಾತ್ರಕ್ಕೆ ಹೋಗದು. ಎಲ್‌ಎಚ್ ಕಡಿಮೆಯಿದ್ದು ಟೆಸ್ಟೋಸ್ಟೆರಾನ್ 150ಕ್ಕಿಂತ ಕೆಳಗಿದ್ದರೆ, ಅಥವಾ ಪ್ರೊಲ್ಯಾಕ್ಟಿನ್ ತೀರಾ ಹೆಚ್ಚಿದ್ದರೆ, ಪಿಟ್ಯುಟರಿಯ ಎಂಆರ್‌ಐ ಬೇಕಾಗುತ್ತದೆ.

ವೀರ್ಯ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿಸಿ. ಸ್ಖಲನವಿಲ್ಲದೆ 2ರಿಂದ 7 ದಿನ ಕಳೆದಿರಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಲ್ಯಾಬ್‌ನವರಿಗೆ ಹೇಳಿ. ಮನೆಯಿಂದ ಒಯ್ಯುವುದಾದರೆ ಒಳ ಜೇಬಿನಲ್ಲಿಟ್ಟು ಒಂದು ಗಂಟೆಯೊಳಗೆ ಮುಟ್ಟಿಸಬೇಕು, ಫ್ರಿಜ್ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ, ಪ್ರಮಾಣ 1.4 ಮಿ.ಲೀ., ಒಟ್ಟು 3.9 ಕೋಟಿ, ಚಲನೆ ಶೇ. 42. ನಿಮ್ಮದು ಇದಕ್ಕಿಂತ ಕಡಿಮೆ, ಆದರೆ ಮಗುವಾಗುವುದೇ ಇಲ್ಲ ಎನ್ನುವಷ್ಟಲ್ಲ.

ಎಲ್‌ಎಚ್, ಎಫ್‌ಎಸ್‌ಎಚ್ ಏರಿರದಿದ್ದರೆ ಮೊದಲ ಗುರಿ 7ರಿಂದ 9 ಕೆ.ಜಿ. ಇಳಿಸುವುದು. ಅನ್ನ ಬಿಟ್ಟು ಎರಡೆರಡು ಮುದ್ದೆ ಉಂಡರೆ ಇನ್ಸುಲಿನ್‌ಗೆ ಏನೂ ವ್ಯತ್ಯಾಸವಿಲ್ಲ. ರಾಗಿ, ಜೋಳವೂ ಪಿಷ್ಟವೇ. ತಟ್ಟೆಯ ಅರ್ಧ ಪಲ್ಯ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಉಳಿದ ಕಾಲಿನಲ್ಲಿ ಮುದ್ದೆಯೋ ಅನ್ನವೋ ನಿಮ್ಮಿಷ್ಟ. (ನಿಮ್ಮೂರಿನ ಬೆಣ್ಣೆ ದೋಸೆ ತಿಂಗಳಿಗೊಮ್ಮೆ ಸಾಕು.) ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ. ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಇದೆಯೇ ನೋಡಿಸಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವ ಮುನ್ನ ಮಾಗಲು ಇನ್ನೊಂದೆರಡು ವಾರ. ಹಾಗಾಗಿ ತೂಕ ಇಳಿಸಲು ಶುರು ಮಾಡಿದ ಮೂರು ತಿಂಗಳಿಗಿಂತ ಮೊದಲು ಅದರ ಫಲ ನೋಡಲು ಮರುಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ತೂಕ ಇಳಿದಾಗ ಟೆಸ್ಟೋಸ್ಟೆರಾನ್ ಏರುವಷ್ಟು ಖಚಿತವಾಗಿ ವೀರ್ಯಾಣು ಸಂಖ್ಯೆ ಏರುವುದಿಲ್ಲ ಎಂಬುದನ್ನೂ ತಿಳಿದಿರಿ. ಏರದಿದ್ದರೆ ಕ್ಲೋಮಿಫೀನ್, ಎಚ್‌ಸಿಜಿಯಂಥ ಔಷಧಿಗಳಿವೆ. ಇವು ವೃಷಣವನ್ನೇ ದುಡಿಸುತ್ತವೆ, ತಜ್ಞರ ನಿಗಾದಲ್ಲಿ ಮಾತ್ರ ಬಳಸಬೇಕು. ಜೊತೆಗೆ ವೇರಿಕೋಸೀಲ್ (ವೃಷಣದ ಸುತ್ತ ಉಬ್ಬಿದ ರಕ್ತನಾಳ) ಇದೆಯೇ ಎಂದು ಯೂರಾಲಜಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ವಯಸ್ಸು 27. ಮ್ಯಾರಥಾನ್ ತಯಾರಿ, ದಿನಕ್ಕೊಂದೇ ಊಟ. ಐದು ತಿಂಗಳಲ್ಲಿ 71 ಕೆ.ಜಿ.ಯಿಂದ 57ಕ್ಕೆ ಇಳಿದೆ. ಈಗ ಲೈಂಗಿಕ ಆಸಕ್ತಿಯೇ ಇಲ್ಲ, ಬೆಳಗಿನ ನಿಮಿರುವಿಕೆಯೂ ನಿಂತಿದೆ.
(ಓದುಗ, ಬೆಂಗಳೂರು)

ಉತ್ತರ: ಮೇಲಿನವರದ್ದಕ್ಕೆ ತದ್ವಿರುದ್ಧ ದಾರಿ, ತಲುಪಿದ ಜಾಗ ಒಂದೇ. ಕೊಬ್ಬು ಕರಗಿ, ಊಟವೂ ಕಡಿಮೆಯಾದಾಗ ಲೆಪ್ಟಿನ್ ಕುಸಿಯುತ್ತದೆ. ಬರಗಾಲ ಬಂದಿದೆ ಎಂದುಕೊಂಡ ಹೈಪೋಥಲಾಮಸ್ ಎಲ್‌ಎಚ್ ಮಿಡಿತಗಳನ್ನು ತಗ್ಗಿಸುತ್ತದೆ. ಓಟವನ್ನು ಸದ್ಯಕ್ಕೆ ಅರ್ಧಕ್ಕಿಳಿಸಿ, ಮೂರು ಹೊತ್ತು ಉಣ್ಣಿ, ನಾಲ್ಕೈದು ಕೆ.ಜಿ. ಮರಳಿ ಬರಲಿ. ಎರಡು ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ, ಅಥವಾ ತಲೆನೋವು, ದೃಷ್ಟಿದೋಷ ಕಂಡರೆ ಕಾಯದೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಹೋಗಿ.

ಪ್ರಶ್ನೆ: ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಸುಖ ಸಿಗುತ್ತದೆ, ಆದರೆ ವೀರ್ಯ ಹೊರಬರುವುದಿಲ್ಲ. ಇದೂ ಹಾರ್ಮೋನಿನ ತೊಂದರೆಯೇ?
(ಹೆಸರು ಬೇಡ, ಗದಗ)

ಉತ್ತರ: ಹೆಚ್ಚಾಗಿ ನರದ್ದು. ಸ್ಖಲನದ ಹೊತ್ತಿಗೆ ಮೂತ್ರಕೋಶದ ಬಾಯಿ ಮುಚ್ಚಬೇಕು. ಸಕ್ಕರೆಯಿಂದ ನರ ಸೋತಾಗ ಅದು ತೆರೆದೇ ಉಳಿದು ವೀರ್ಯ ಹಿಂದಕ್ಕೆ ಹರಿಯುತ್ತದೆ. ಸ್ಖಲನದ ನಂತರದ ಮೂತ್ರದಲ್ಲಿ ವೀರ್ಯಾಣು ಸಿಕ್ಕರೆ ರೋಗ ಗೊತ್ತಾದಂತೆಯೇ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಸೈಲೋಡೋಸಿನ್ ಮಾತ್ರೆಗಳಿಂದಲೂ ಹೀಗಾಗುತ್ತದೆ, ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಮೂತ್ರಕೋಶದ ಬಾಯಿಯನ್ನು ಬಿಗಿಗೊಳಿಸುವ ಮಾತ್ರೆಗಳಿವೆ, ಆದರೆ ಬಿಪಿ ಏರಿಸಬಲ್ಲವು, ಅಂಗಡಿಯಿಂದ ತಾವಾಗಿ ಕೊಳ್ಳಬೇಡಿ. ಮಗು ಬೇಕಿದ್ದರೆ ವೈದ್ಯರು ಸೋಡಿಯಂ ಬೈಕಾರ್ಬೊನೇಟ್ ಕೊಟ್ಟು ಮೂತ್ರದ ಆಮ್ಲತೆ ತಗ್ಗಿಸಿ, ಅದರಿಂದ ವೀರ್ಯಾಣು ಬೇರ್ಪಡಿಸಿ ಐಯುಐಗೆ (ವೀರ್ಯಾಣುವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ವಿಧಾನ) ಬಳಸುತ್ತಾರೆ.